ಪಡಿಯಚ್ಚು ತನ್ನ ಪರವಾಗಿ ಆಡಿದ್ದು

ಟೇಬಲ್ ಟೆನಿಸ್ ಮಹಾಮಂಡಳಿಯ ತರಬೇತಿ ಹಾಲ್‌ನಲ್ಲಿ ಅವಳನ್ನು ಎಲ್ಲರೂ ಪಡಿಯಚ್ಚು ಎಂದೇ ಕರೆಯುತ್ತಿದ್ದರು. ಇದರಲ್ಲಿ ಹೀಯಾಳಿಕೆ ಏನೂ ಇರಲಿಲ್ಲ, ಅದು ಅವಳ ಹುದ್ದೆಯೇ ಆಗಿತ್ತು. ರಾಷ್ಟ್ರೀಯ ತಂಡದ ಹುಡುಗಿಯರು ಮುಂದಿನ ಪಂದ್ಯದಲ್ಲಿ ಪರದೇಶದ ಯಾರನ್ನು ಎದುರಿಸಬೇಕೋ, ಆ ಪರದೇಶದವಳ ಹಾಗೇ ಆಡಿ ಇವರಿಗೆ ರೂಢಿ ಮಾಡಿಸುವುದು ಅವಳ ಕೆಲಸ. ಅದಕ್ಕೆ ತಿಂಗಳ ಸಂಬಳ, ವರ್ಷಕ್ಕೆ ಎರಡು ಜೊತೆ ಬೂಟು, ಬಾಯಾರಿದಾಗ ನಿಂಬೆ ನೀರು.

ಮೊದಲು ಅವಳೂ ಎಲ್ಲರಂತೆ ಸ್ವಂತಕ್ಕೇ ಆಡುತ್ತಿದ್ದವಳು. ದೇಶದಲ್ಲಿ ಆರನೆಯವಳೋ ಏಳನೆಯವಳೋ ಆಗಿದ್ದಾಗ ಕೋಚು ಕರೆದು, “ಎರಡು ದಿನದ ಮಟ್ಟಿಗೆ ಆ ಕತ್ತು ಸೊಟ್ಟ ಮಾಡಿ ಸರ್ವ್ ಹಾಕೋಳ ಥರ ಆಡಮ್ಮ, ನಮ್ಮವರಿಗೆ ಅಭ್ಯಾಸ ಆಗಲಿ” ಎಂದಿದ್ದ. ಅವಳು ಎಷ್ಟು ಚೆನ್ನಾಗಿ ಆಡಿದಳೆಂದರೆ ಆ ಎರಡು ದಿನ ಹನ್ನೊಂದು ವರ್ಷವಾಯಿತು. ಮನುಷ್ಯರಿಗೆ ಒಂದು ಕೆಲಸ ಚೆನ್ನಾಗಿ ಬರುತ್ತದೆ ಎಂದು ಬೇರೆಯವರಿಗೆ ಗೊತ್ತಾಗಬಾರದು ನೋಡಿ. ಗೊತ್ತಾದರೆ ಊರೆಲ್ಲ ಸೇರಿ ಅದೇ ಕೆಲಸವನ್ನು ಕುತ್ತಿಗೆಗೆ ಕಟ್ಟುತ್ತಾರೆ.

ಆ ಹನ್ನೊಂದು ವರ್ಷದಲ್ಲಿ ಅವಳು ಎಡಗೈಯಲ್ಲಿ ಆಡಲು ಕಲಿತಳು, ಬ್ಯಾಟನ್ನು ಪೆನ್ನಿನಂತೆ ಹಿಡಿಯಲು ಕಲಿತಳು, ಪ್ರತಿ ಪಾಯಿಂಟಿಗೂ ಕಿರುಚುವುದನ್ನು ಕಲಿತಳು, ಕಿರುಚದೆ ಮೂಗಿನಲ್ಲೇ ಸಿಟ್ಟು ಮಾಡುವುದನ್ನೂ ಕಲಿತಳು. ಜೊತೆಗೆ ಹಾಲ್‌ನಲ್ಲಿ ಒಂದು ಪದ್ಧತಿಯೂ ಬೆಳೆದು ಬಂತು. ಅವಳು ಯಾರ ಹಾಗೆ ಆಡುತ್ತಾಳೋ ಅವತ್ತು ಅವಳನ್ನು ಅವರ ಹೆಸರಿನಿಂದಲೇ ಕರೆಯಬೇಕು, ಸ್ಕೋರ್ ಬೋರ್ಡಿಗೂ ಅವರ ಹೆಸರಿನ ಫಲಕವನ್ನೇ ಸಿಕ್ಕಿಸಬೇಕು. ಅವಳು ಗೆದ್ದರೆ ಅವರು ಗೆದ್ದ ಹಾಗೆ, ಸೋತರೆ ಅವರು ಸೋತ ಹಾಗೆ. ಹೀಗಾಗಿ ದಿನಬೆಳಗಾದರೆ ಬೆವರು ಸುರಿಸುತ್ತಿದ್ದ ಪಡಿಯಚ್ಚು ಇಷ್ಟೂ ವರ್ಷದಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ, ಸೋತಿರಲೂ ಇಲ್ಲ.

ಮನೆಯಲ್ಲಿ ಇದರ ಉಪದ್ರವ ಬೇರೆ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಸಾಧು ಮನುಷ್ಯ. ಸಂಜೆ ಅವಳು ಬಾಗಿಲಲ್ಲಿ ಬೂಟು ಕಳಚುವ ರೀತಿ ನೋಡಿಯೇ, “ಇವತ್ತು ಯಾರು ಬಂದಿರೋದು?” ಎಂದು ಕೇಳುತ್ತಿದ್ದ. ಕತ್ತು ಸೊಟ್ಟದವಳು ಎಂದರೆ ಅವನಿಗೆ ನೆಮ್ಮದಿ, ಆಕೆ ಕೋಪಿಷ್ಠೆಯಲ್ಲ. ಕಿರುಚುವವಳ ವಾರ ಬಂದರೆ ಮಾತ್ರ ಊರಿನ ಲಿಫ್ಟುಗಳೆಲ್ಲ ಒಟ್ಟಿಗೇ ಕೆಟ್ಟಿವೆ ಎಂದು ಹೇಳಿ ಹೊರಬೀಳುತ್ತಿದ್ದ. ತರಕಾರಿ ಅಂಗಡಿಯವನಿಗೆ ಒಂದು ಕಾಲು ಸ್ವಲ್ಪ ಗಿಡ್ಡ. ಅವನ ಜೊತೆ ಚೌಕಾಸಿ ಮಾಡುತ್ತ ನಿಂತವಳು ತನಗೆ ಗೊತ್ತಿಲ್ಲದೆಯೇ ಕುಂಟುತ್ತ ಹೊರಟಳು. ಅಣಕಿಸಿದಳೆಂದು ಅವನು ತೂಗಿಕೊಟ್ಟ ಈರುಳ್ಳಿಯನ್ನು ವಾಪಸ್ ಸುರಿದುಕೊಂಡ.

ಹೀಗಿರುವಾಗ ಒಲಿಂಪಿಕ್ಸ್ ಬಂತು. ತಂಡಕ್ಕೆ ಮೂವರು. ಮೊದಲ ಇಬ್ಬರ ವಿಷಯದಲ್ಲಿ ತಕರಾರಿರಲಿಲ್ಲ, ಅವರು ಎಲ್ಲರನ್ನೂ ಸೋಲಿಸಿದ್ದವರು. ಮೂರನೆಯ ಜಾಗಕ್ಕೆ ಮಾತ್ರ ಇಬ್ಬರು ಸಮಸಮವಾಗಿ ನಿಂತಿದ್ದರು. ಒಬ್ಬಳು ಎಡಗೈ. ಸಣಕಲು, ಚುರುಕು ಹುಡುಗಿ. ಅವಳು ಹಾಕಿದ ಸರ್ವ್ ಟೇಬಲ್ಲಿನ ಮೇಲೆ ಬಿದ್ದ ಮೇಲೂ ಯಾವ ಕಡೆ ಹೋಗಲಿ ಎಂದು ಯೋಚಿಸುತ್ತಿರುತ್ತದೆ. ಇನ್ನೊಬ್ಬಳು ಗೋಡೆ. ಟೇಬಲ್ಲಿನಿಂದ ದೂರ ನಿಂತು ಏನು ಹೊಡೆದರೂ ವಾಪಸ್ ಕಳಿಸುವ, ದಪ್ಪ ಮೈಕಟ್ಟಿನ, ಮಾತು ಕಡಿಮೆಯ ಹುಡುಗಿ.

ಇಬ್ಬರನ್ನೂ ಒಂದು ಟೇಬಲ್ಲಿಗೆ ಬಿಟ್ಟು, ಗೆದ್ದವಳನ್ನು ಕಳಿಸಿದರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸುತ್ತದೆ. ನಿಮಗೆ ಅನ್ನಿಸುತ್ತದೆ, ಮಹಾಮಂಡಳಿಗೆ ಅನ್ನಿಸುವುದಿಲ್ಲ. ಹಿಂದಿನ ಸಲ ಹಾಗೆ ಆಡಿಸಿದಾಗ ಒಬ್ಬಳ ಭುಜ ಊದಿ, ಇನ್ನೊಬ್ಬಳ ಸೊಂಟ ಹಿಡಿದು, ಗೆದ್ದವಳೂ ಹೋಗಲಾರದೆ ಸೋತವಳೂ ಹೋಗಲಾರದೆ, ಕಡೆಗೆ ಮ್ಯಾನೇಜರ್ ಒಬ್ಬನೇ ವಿಮಾನ ಹತ್ತಿದ್ದ.

“ಹಾವೂ ಸಾಯಬೇಕು, ಕೋಲೂ ಮುರೀಬಾರದು,” ಎಂದರು ಕಾರ್ಯದರ್ಶಿ. ವಿಮಾ ಕಚೇರಿಯಿಂದ ನಿವೃತ್ತರಾದವರು, ಅಪಘಾತ ಆಗುವ ಮುಂಚೆಯೇ ಅದರ ಬಗ್ಗೆ ಚಿಂತಿಸುವ ಸ್ವಭಾವ. “ಗೋಡೆ ಆಡ್ಲಿ, ಎಡಗೈ ಆಡ್ಲಿ. ಆದ್ರೆ ಒಬ್ಬರ ಜೊತೆ ಒಬ್ಬರು ಬೇಡ. ಪಡಿಯಚ್ಚು ಇದಾಳಲ್ಲ.”

ಅವರ ಯೋಜನೆ ಇಷ್ಟು. ಪಡಿಯಚ್ಚು ಒಂದು ದಿನ ಎಡಗೈ ಆಗಿ ಗೋಡೆಯ ಎದುರು ಆಡಬೇಕು, ಮಾರನೆಯ ದಿನ ಗೋಡೆ ಆಗಿ ಎಡಗೈಯ ಎದುರು ಆಡಬೇಕು. ಇಬ್ಬರಲ್ಲಿ ಯಾರು ಇನ್ನೊಬ್ಬಳ ಪಡಿಯಚ್ಚನ್ನು ಸೋಲಿಸುತ್ತಾಳೋ ಅವಳಿಗೆ ಮೂರನೆಯ ಜಾಗ.

ಪಡಿಯಚ್ಚು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದಳು. ಮೊದಲ ದಿನ ಎಡಗೈಯಾಗಿ, ಗೋಡೆಯನ್ನು ಆ ಮೂಲೆಗೂ ಈ ಮೂಲೆಗೂ ಓಡಿಸಿ ಸೋಲಿಸಿದಳು. ಮಾರನೆಯ ದಿನ ಗೋಡೆಯಾಗಿ ಹಿಂದೆ ನಿಂತು, ಬಂದದ್ದನ್ನೆಲ್ಲ ವಾಪಸ್ ಕಳಿಸಿ ಕಳಿಸಿ ಎಡಗೈಗೆ ಅಳು ಬರಿಸಿ ಸೋಲಿಸಿದಳು. ಆಮೇಲೆ ಎಂದಿನಂತೆ ಚೆಂಡುಗಳನ್ನು ಗುಡಿಸಿ ಬುಟ್ಟಿಗೆ ತುಂಬಿದಳು.

ಆಯ್ಕೆ ಸಮಿತಿ ಹಾಲ್‌ನ ಮೇಲಿನ ಕೋಣೆಯಲ್ಲಿ ಸೇರಿತು. ಅಧ್ಯಕ್ಷರು ಬಚ್ಚಲುಮನೆ ಟೈಲ್ಸ್ ಕಾರ್ಖಾನೆ ಇಟ್ಟವರು, ಸದಸ್ಯರೊಬ್ಬರು ವಕೀಲರು, ಮತ್ತೆ ಕಾರ್ಯದರ್ಶಿ, ಕೋಚು. ಏನಾದರೂ ಕೇಳುವುದಿದ್ದರೆ ಇರಲಿ ಎಂದು ಪಡಿಯಚ್ಚನ್ನೂ ಕರೆಸಿ, ನೀರಿನ ಫಿಲ್ಟರಿನ ಪಕ್ಕದ ಸ್ಟೂಲಿನಲ್ಲಿ ಕೂರಿಸಿದ್ದರು.

“ಎಡಗೈ ಗೋಡೆಯನ್ನ ಸೋಲಿಸಿದಾಳೆ. ಬೋರ್ಡ್ ಮೇಲೆ ಹಾಗೇ ಇತ್ತು,” ಎಂದರು ವಕೀಲರು.

“ಗೋಡೆ ಎಡಗೈಯನ್ನ ಸೋಲಿಸಿದಾಳೆ. ಅದೂ ಬೋರ್ಡ್ ಮೇಲಿತ್ತು,” ಎಂದರು ಕಾರ್ಯದರ್ಶಿ.

“ಅಂದ್ರೆ ಇಬ್ಬರೂ ಗೆದ್ದಿದಾರೆ.”

“ಇಬ್ಬರೂ ಸೋತಿದಾರೆ ಅಂತಾನೂ ಅನ್ನಬಹುದು.”

“ಎರಡು ಮಾತಿನಲ್ಲೂ ಹುರುಳಿದೆ,” ಎಂದು ಅಧ್ಯಕ್ಷರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಮಾತು ಬಹಳ ಹೊತ್ತು ಎಳೆಯಿತು. ತೂಕಡಿಸುತ್ತಿದ್ದ ಕೋಚಿಗೆ ಎಚ್ಚರವಾಗಿ, “ಎರಡು ಪಂದ್ಯಾನೂ ಗೆದ್ದೋಳು ಅಲ್ಲೇ ಕೂತಿದಾಳಲ್ಲ” ಎಂದ.

ಎಲ್ಲರೂ ತಿರುಗಿ ನೋಡಿದರು. ಕಾರ್ಯದರ್ಶಿಗೆ ನಗು ಬಂತು. “ಅವಳು ಹೇಗೆ ಗೆಲ್ತಾಳೆ? ಅವಳು ಆಡೇ ಇಲ್ವಲ್ಲ.”

ಪಡಿಯಚ್ಚು ಕೈಯಲ್ಲಿದ್ದ ಲೋಟವನ್ನು ಫಿಲ್ಟರಿನ ಮೇಲಿಟ್ಟಳು.

“ನಾನೂ ಹೋಗಬೇಕು,” ಎಂದಳು.

“ಎಲ್ಲಿಗಮ್ಮ?”

“ಒಲಿಂಪಿಕ್ಸಿಗೆ.”

“ನಿಮ್ಮನ್ನ ಬಿಟ್ಟು ಹೋಗ್ತೀವಾ? ಅಭ್ಯಾಸ ಮಾಡ್ಸೋಕೆ ನೀವು ಬೇಕೇ ಬೇಕು,” ಎಂದು ಅಧ್ಯಕ್ಷರು ಸಮಾಧಾನ ಹೇಳಿದರು.

“ಅಭ್ಯಾಸ ಮಾಡ್ಸೋಕಲ್ಲ ಸಾರ್. ಆಡೋಕೆ, ನನ್ನ ಹೆಸರಲ್ಲಿ. ಇನ್ನೊಂದು ನಾಲ್ಕು ವರ್ಷಕ್ಕೆ ನನ್ನ ಮಂಡಿ ಇರಲ್ಲ.”

ಇಂಥದೊಂದು ಆಸೆ ತನ್ನೊಳಗೆ ಇದೆ ಎನ್ನುವುದು ಅವಳಿಗೂ ಆಗಲೇ ತಿಳಿದದ್ದು. ತಿಳಿದ ಮೇಲೆ ಅದು ಹಸಿವಿನ ಹಾಗೆ ಹೊಟ್ಟೆಯಲ್ಲೇ ಕೂತುಬಿಟ್ಟಿತು. ವಕೀಲರು ನಿಯಮ ಹುಡುಕಿದರು. ಅವಳನ್ನು ಆಟಗಾರ್ತಿಯರ ಸಾಲಿನಿಂದ ತೆಗೆದುಹಾಕಬೇಕೆಂದು ಇಷ್ಟು ವರ್ಷ ಯಾರಿಗೂ ಹೊಳೆದೇ ಇರಲಿಲ್ಲ, ಆದ್ದರಿಂದ ಅವಳು ಇನ್ನೂ ಅಲ್ಲೇ ಇದ್ದಳು. ಕೊನೆಗೆ ತೀರ್ಮಾನವಾಯಿತು. ಪಡಿಯಚ್ಚು ತನ್ನ ಸ್ವಂತ ಆಟ ಆಡಲಿ. ಮೊದಲು ಎಡಗೈಯ ಎದುರು, ಆಮೇಲೆ ಗೋಡೆಯ ಎದುರು. ಅವಳನ್ನು ಯಾರು ಸೋಲಿಸುತ್ತಾರೋ ಅವರು ಒಲಿಂಪಿಕ್ಸಿಗೆ. ಯಾರೂ ಸೋಲಿಸದಿದ್ದರೆ ಅವಳೇ ಒಲಿಂಪಿಕ್ಸಿಗೆ.

ಮೆಟ್ಟಿಲಿಳಿಯುವಾಗ ಅವಳಿಗೆ ನೆನಪಾಯಿತು, ತನ್ನ ಸ್ವಂತ ಆಟ ಯಾವುದೆಂದು ತನಗೆ ಮರೆತುಹೋಗಿದೆ.

ಗಂಡನನ್ನು ಕೇಳಿದಳು. ಅವನು ಅವಳನ್ನು ಮದುವೆಯಾಗುವ ಹೊತ್ತಿಗೇ ಅವಳು ಕತ್ತು ಸೊಟ್ಟದವಳಾಗಿದ್ದಳು, ಅವನು ಮೆಚ್ಚಿದ್ದೂ ಆ ಕತ್ತನ್ನೇ. ಅಮ್ಮ ಪಕ್ಕದ ಬೀದಿಯಲ್ಲಿ ತಂಗಿಯ ಮನೆಯಲ್ಲಿದ್ದಳು, ಅವಳನ್ನು ಕೇಳಿದಳು.

“ನೀನಾ? ಬಾಯಿ ತೆಕ್ಕೊಂಡು ಆಡ್ತಿದ್ದೆ. ಚೆಂಡು ಎಲ್ಲಿ ಒಳಗೆ ಹೋಗ್ಬಿಡುತ್ತೋ ಅಂತ ನಂಗೆ ಜೀವ ಹೋಗ್ತಿತ್ತು.”

“ಅದಲ್ಲಮ್ಮ, ಆಟ ಹೇಗಿತ್ತು?”

“ಅವಸರದ ಆಟ. ನಿಂಗೆ ಎಲ್ಲಾದ್ರಲ್ಲೂ ಅವಸರ. ಸರ್ವ್ ಹಾಕೋ ಮುಂಚೆ ಎರಡು ಸಲ ಕುಪ್ಪಳಿಸ್ತಿದ್ದೆ, ಬಚ್ಚಲಿಗೆ ಅರ್ಜೆಂಟಾದೋರ ಹಾಗೆ. ಹೊಡೆದ್ರೆ ನೊಣ ಹೊಡೆದ ಹಾಗೆ ಹೊಡೀತಿದ್ದೆ.”

ಇಷ್ಟು ಸಿಕ್ಕಿದ್ದೇ ಸಾಕೆಂದು ಅವಳು ಬೀರುವಿನ ಕನ್ನಡಿಯ ಮುಂದೆ ನಿಂತಳು. ಯಾರ ಆಟವನ್ನು ಕಲಿಯುವಾಗಲೂ ಅವಳ ಕ್ರಮ ಒಂದೇ: ಮೊದಲು ಪಾದ, ಆಮೇಲೆ ಭುಜ, ಕಡೆಗೆ ಮುಖ. ಈಗಲೂ ಹಾಗೇ ಶುರು ಮಾಡಿದಳು. ಕುಪ್ಪಳಿಸಿದಳು, ನೊಣ ಹೊಡೆದಳು, ಬಾಯಿ ತೆರೆದಳು. ಪಾದ ಒಬ್ಬರದು, ಭುಜ ಇನ್ನೊಬ್ಬರದು ಆಗಿ ಕನ್ನಡಿಯಲ್ಲಿ ಅರ್ಧ ಭೂಮಂಡಲವೇ ಕಾಣಿಸಿತು. ಒಬ್ಬೊಬ್ಬರನ್ನೇ ಬಿಡಿಸಿ ಹೊರಗೆ ಕಳಿಸುತ್ತ ಹೋದಳು. ಗಂಡ ಊಟದ ಮೇಜಿನ ಆಚೆ ಬದಿಗೆ ತರಕಾರಿ ಹೆಚ್ಚುವ ಮಣೆ ಹಿಡಿದು ಎದುರಾಳಿಯಾಗಿ ನಿಂತಿದ್ದ.

“ಈಗ ಬಂದಿರೋದು ಯಾರು?” ಎಂದ.

“ಗೊತ್ತಿಲ್ಲ ರೀ. ಇನ್ನೂ ಬರ್ತಿದಾಳೆ.”

ಎಡಗೈಯ ಜೊತೆ ಪಂದ್ಯದ ದಿನ ಬೋರ್ಡಿಗೆ ಸಿಕ್ಕಿಸಲು ಅವಳ ಹೆಸರಿನ ಫಲಕವೇ ಇರಲಿಲ್ಲ. ಹನ್ನೊಂದು ವರ್ಷದಿಂದ ದಿನವೂ ಅವಳ ಮುಖ ನೋಡುತ್ತಿದ್ದ ಸ್ಕೋರಿನವನು ಬಂದು ನಿಮ್ಮ ಹೆಸರೇನು ಎಂದು ಕೇಳಿ, ಹಳೆಯ ಫಲಕವೊಂದರ ಬೆನ್ನಿಗೆ ಸೀಮೆಸುಣ್ಣದಲ್ಲಿ ಬರೆದುಕೊಂಡ.

ಎಡಗೈ ಬಲೆಯ ಆಚೆಯಿಂದ, “ಇವತ್ತು ಯಾರಾಗಿ ಆಡ್ತೀರ ಅಕ್ಕ?” ಎಂದು ಕೇಳಿದಳು.

“ನಾನಾಗಿ.”

“ಅಂದ್ರೆ ಯಾರ ಥರ?”

ಹುಡುಗಿ ಕುಹಕಕ್ಕೆ ಕೇಳಿದ್ದಲ್ಲ, ತಯಾರಾಗಲು ಕೇಳಿದ್ದು. ಅದಕ್ಕೇ ಅದು ಪಡಿಯಚ್ಚಿಗೆ ಹೆಚ್ಚು ನೋವು ಮಾಡಿತು. ಅವಳು ಎರಡು ಸಲ ಕುಪ್ಪಳಿಸಿ ಸರ್ವ್ ಹಾಕಿದಳು.

ನೋಡಲು ಚೆಂದದ ಆಟವೇನೂ ಅಲ್ಲ ಅದು. ಅವಸರ, ಧಡಭಡ, ಹೋದರೆ ಹೋಗಲಿ ಎನ್ನುವ ಹೊಡೆತ. ಆದರೆ ಎಡಗೈ ಪ್ರತಿ ಚೆಂಡಿನಲ್ಲೂ ಏನೋ ಮರ್ಮ ಹುಡುಕುತ್ತಿದ್ದಳು, ಮರ್ಮ ಇಲ್ಲದ ಚೆಂಡು ಅವಳನ್ನು ದಾಟಿ ಹೋಗುತ್ತಿತ್ತು. ಇದು ಯಾರ ಆಟ, ಯಾವ ದೇಶದ್ದು ಎಂದು ಗೊತ್ತಾಗುವ ಮುಂಚೆಯೇ ಸೋತಿದ್ದಳು. ಪಡಿಯಚ್ಚು ಗೆದ್ದಳು. ಗೆದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಸೀದಾ ಹೋಗಿ ಚೆಂಡು ಗುಡಿಸತೊಡಗಿದಳು. ಕೋಚು ಪೊರಕೆ ಕಿತ್ತುಕೊಂಡ.

ಇನ್ನು ಉಳಿದದ್ದು ಗೋಡೆ ಒಬ್ಬಳೇ. ಅವಳನ್ನು ಸೋಲಿಸಿದರೆ ವಿಮಾನ. ಗಂಡ ಆಗಲೇ ಪೆಟ್ಟಿಗೆಯ ಚಕ್ರಗಳಿಗೆ ಎಣ್ಣೆ ಬಿಟ್ಟಿದ್ದ.

ಅಷ್ಟರಲ್ಲಿ ಗೋಡೆಯ ಕಡೆಯಿಂದ ದೂರು ಬಂತು. ತನ್ನ ಎದುರಾಳಿಯ ಪಡಿಯಚ್ಚಿನ ಜೊತೆ ಅಭ್ಯಾಸ ಮಾಡುವುದು ಪ್ರತಿ ರಾಷ್ಟ್ರೀಯ ಆಟಗಾರ್ತಿಗೂ ಇರುವ ಸೌಲಭ್ಯ. ಈ ಎದುರಾಳಿಯ ಆಟವನ್ನು ತಾನು ಒಂದೇ ಒಂದು ಸಲ ನೋಡಿದ್ದು, ಆದ್ದರಿಂದ ಅವಳ ಪಡಿಯಚ್ಚೊಂದನ್ನು ಒದಗಿಸಬೇಕು. ಸಮಿತಿ ಕೂತು, ಮಾತು ನ್ಯಾಯವಾಗಿದೆ ಎಂದು ಒಪ್ಪಿತು. ಮೊದಲು ಕೋಚೇ ಪ್ರಯತ್ನಿಸಿದ. ಎರಡು ಸಲ ಕುಪ್ಪಳಿಸುವಷ್ಟರಲ್ಲಿ ಅವನ ಕಾಲು ಉಳುಕಿತು. ಬೇರೆಯವರ ಆಟವನ್ನು ತದ್ರೂಪು ಆಡಬಲ್ಲವರು ದೇಶದಲ್ಲಿ ಒಬ್ಬರೇ ಇದ್ದರು.

“ನಿಮ್ಮ ಪಡಿಯಚ್ಚಾಗೋಕೆ ನಿಮ್ಮಷ್ಟು ಯೋಗ್ಯರು ಇನ್ನೊಬ್ಬರಿಲ್ಲ,” ಎಂದರು ಕಾರ್ಯದರ್ಶಿ. “ಪಂದ್ಯಕ್ಕೆ ಇನ್ನೊಂದು ವಾರ ಇದೆ. ದಿನಾ ಬೆಳಿಗ್ಗೆ ಬಂದು ನೀವಾಗಿ ಗೋಡೆಗೆ ಅಭ್ಯಾಸ ಮಾಡ್ಸಿ. ನಿಮ್ಮ ಕೆಲಸಾನೇ ಅಲ್ವಾ ಅದು?”

ಹೊಗಳಿದರೆಂದು ಅವಳು ಥ್ಯಾಂಕ್ಸ್ ಹೇಳಿ ಬಂದಳು. ಹೊಗಳಿಕೆ ಎಲ್ಲಿ ಚುಚ್ಚಿದೆ ಎಂದು ಗೊತ್ತಾದದ್ದು ಬಸ್ಸು ಹತ್ತಿದ ಮೇಲೆ.

ಗಂಡ ಎಣ್ಣೆಯ ಬಟ್ಟಲು ಕೆಳಗಿಟ್ಟ. “ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿಹಾಕ್ಕೊಳ್ಳೋಕೆ ಸಂಬಳ ಬೇರೆ ಕೊಡ್ತಾರಾ? ಹೋಗು, ಹೋಗಿ ಸುಳ್ಳುಸುಳ್ಳೇ ಆಡು. ಕುಪ್ಪಳಿಸ್ಬೇಡ, ಬಾಯಿ ಮುಚ್ಕೊಂಡಿರು. ಅವಳಿಗೇನು ಗೊತ್ತಾಗುತ್ತೆ?”

ಅವಳಿಗೂ ಅದೇ ಸರಿಯೆನ್ನಿಸಿತು. ಒಲಿಂಪಿಕ್ಸಿಗೆ ಹೋಗುವ ಆಸೆ ಅಷ್ಟಿತ್ತು. ಮೊದಲ ಬೆಳಿಗ್ಗೆ ಬಾಯಿ ಮುಚ್ಚಿ, ನಿಧಾನವಾಗಿ, ನಾಜೂಕಾಗಿ ಸರ್ವ್ ಹಾಕಿದಳು. ಹತ್ತು ನಿಮಿಷ ಆಡಿದ ಗೋಡೆ ಚೆಂಡನ್ನು ಕೈಯಲ್ಲಿ ಹಿಡಿದು ನಿಂತಳು.

“ಇದು ಸರಿ ಇಲ್ಲ ಅಕ್ಕ,” ಎಂದಳು. “ನೀವು ಎಡಗೈ ಜೊತೆ ಹೀಗೆ ಆಡ್ಲಿಲ್ಲ. ಇದು ನಿಮ್ಮ ಥರ ಇಲ್ಲ.”

ಪಡಿಯಚ್ಚಿನ ಮುಖ ಕೆಂಪಾಯಿತು. ನಿನ್ನ ನಕಲು ಸರಿಯಿಲ್ಲ ಎಂದು ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಕತ್ತು ಸೊಟ್ಟದವಳನ್ನು ಕೂದಲೆಳೆಯಷ್ಟೂ ತಪ್ಪದೆ ಆಡಿದವಳು, ತನ್ನನ್ನೇ ಕಳಪೆಯಾಗಿ ಆಡಿ ಸಿಕ್ಕಿಬಿದ್ದಿದ್ದಳು. ನಾಚಿಕೆಯಾಯಿತು. ಬಾಯಿ ತೆರೆದಳು, ಎರಡು ಸಲ ಕುಪ್ಪಳಿಸಿದಳು, ನೊಣ ಹೊಡೆದಳು.

“ಹಾಂ, ಇದು,” ಎಂದಳು ಗೋಡೆ.

ಆಮೇಲೆ ವಾರವಿಡೀ ಅವಳು ಏನನ್ನೂ ಬಚ್ಚಿಡಲಿಲ್ಲ. ಗೋಡೆ ಪ್ರಶ್ನೆ ಕೇಳುತ್ತಿದ್ದಳು. ಮೊಣಕೈ ಯಾಕೆ ಒಳಗೆ ಎಳ್ಕೋತೀರಿ? ಬ್ಯಾಕ್‌ಹ್ಯಾಂಡಿಗೆ ಚೆಂಡು ಬಂದಾಗ ಯಾಕೆ ಹೆದರ್ತೀರಿ? ಸೋಲುವ ಹಾಗಾದಾಗ ಯಾಕೆ ಇನ್ನೂ ಜೋರಾಗಿ ಹೊಡೀತೀರಿ? ಪಡಿಯಚ್ಚು ನಿಂತು ಯೋಚಿಸಿ ಉತ್ತರ ಹೇಳುತ್ತಿದ್ದಳು. ಕೆಲವನ್ನು ತಂಗಿಯ ಮನೆಗೆ ಹೋಗಿ ಅಮ್ಮನನ್ನು ಕೇಳಿ ಬಂದು ಹೇಳುತ್ತಿದ್ದಳು. ತಾನು ಬೇರೆಯವರನ್ನು ಎಷ್ಟು ಗಮನವಿಟ್ಟು ನೋಡುತ್ತಿದ್ದಳೋ ಅಷ್ಟೇ ಗಮನವಿಟ್ಟು ತನ್ನನ್ನು ಯಾರಾದರೂ ನೋಡಿದ್ದು ಇದೇ ಮೊದಲು. ಅದು ಅವಳಿಗೆ ಸುಖವಾಗಿತ್ತು. ತನ್ನ ವಿಮಾನದ ಚಕ್ರದ ಗಾಳಿಯನ್ನು ತಾನೇ ಕೈಯಾರೆ ತೆಗೆಯುತ್ತಿದ್ದೇನೆ ಎಂದು ಗೊತ್ತಿದ್ದೂ ಸುಖವಾಗಿತ್ತು. ಕೊನೆಯ ದಿನ ಗೋಡೆ, “ಅಕ್ಕ, ನಿಮ್ಮ ಆಟ ನಂಗೀಗ ಪೂರ್ತಿ ಬಂತು” ಎಂದಾಗ ಅವಳ ಕಣ್ಣು ತುಂಬಿತು.

ಪಂದ್ಯ ಐದನೆಯ ಗೇಮಿನ ತನಕ ಹೋಯಿತು. ಗೋಡೆಗೆ ಪ್ರತಿ ಚೆಂಡೂ ಮೊದಲೇ ಗೊತ್ತು, ಪಡಿಯಚ್ಚಿಗೆ ಅವಳಿಗೆ ಗೊತ್ತಿದೆ ಎಂದು ಗೊತ್ತು. ಆದರೂ ಅವಸರದ ಆಟಕ್ಕೆ ಒಂದು ಮೊಂಡು ಬಲ ಇರುತ್ತದೆ, ಅದರಲ್ಲೇ ಎಳೆದುಕೊಂಡು ಬಂದಳು. ಕೊನೆಯಲ್ಲಿ ಗೋಡೆಗೆ ಹತ್ತು, ಇವಳಿಗೆ ಒಂಬತ್ತು, ಸರ್ವ್ ಇವಳದು.

ಗೋಡೆ ದೂರ ನಿಂತು ಕಾಯುತ್ತಿದ್ದಳು. ಕುಪ್ಪಳಿಸುವುದನ್ನು ಕಾಯುತ್ತಿದ್ದಳು, ನೊಣ ಹೊಡೆಯುವುದನ್ನು ಕಾಯುತ್ತಿದ್ದಳು. ಬ್ಯಾಟನ್ನು ಎಡಗೈಗೆ ಬದಲಿಸಿ ಆ ಸಣಕಲು ಹುಡುಗಿಯ ಯೋಚಿಸುವ ಸರ್ವ್ ಒಂದನ್ನು ಹಾಕಿದರೆ ಗೋಡೆ ದಂಗಾಗಿ ನಿಂತುಬಿಡುತ್ತಾಳೆ. ಕೈ ಬದಲಿಸಬಾರದೆಂದು ಯಾವ ನಿಯಮದಲ್ಲೂ ಇಲ್ಲ. ಆಮೇಲೆ ಹತ್ತು ಹತ್ತು, ಬೇರೆಯವರಿಂದ ಕಲಿತ ಇನ್ನೆರಡು ಹೊಡೆತ, ಪಂದ್ಯ ಮುಗಿಯಿತು, ವಿಮಾನ. ಅವಳ ಬ್ಯಾಟು ನಿಜವಾಗಿಯೂ ಎಡಗೈಗೆ ಹೋಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಎಡಗೈ ಎದ್ದು ನಿಂತಳು.

ಪಡಿಯಚ್ಚು ಬ್ಯಾಟನ್ನು ಬಲಗೈಗೆ ತಂದುಕೊಂಡಳು. ಎರಡು ಸಲ ಕುಪ್ಪಳಿಸಿ ತನ್ನ ಸರ್ವ್ ಹಾಕಿದಳು. ಚೆಂಡು ಗೋಡೆ ಕಾಯುತ್ತಿದ್ದ ಜಾಗಕ್ಕೇ ಹೋಯಿತು, ಅಲ್ಲಿಂದ ಪಡಿಯಚ್ಚಿನ ಬ್ಯಾಕ್‌ಹ್ಯಾಂಡಿಗೆ ಬಂತು, ಅವಳು ಹೆದರಿ ಜೋರಾಗಿ ಹೊಡೆದಳು, ಅದು ಟೇಬಲ್ ದಾಟಿ ಕಿಟಕಿಗೆ ಬಡಿಯಿತು.

ದುಃಖವಾಯಿತು, ಸುಳ್ಳು ಹೇಳಬಾರದು. ಹೋಗಬೇಕಿತ್ತು, ಹೋಗಬೇಕಿತ್ತು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಬೆಂಚಿನ ಮೇಲೆ ಕೂತು ಮೂಗು ಸೋರುವಷ್ಟು ಅತ್ತಳು. ಗೋಡೆ ತನ್ನ ಟವೆಲನ್ನು ಅವಳಿಗೆ ಕೊಟ್ಟು ಪಕ್ಕದಲ್ಲಿ ಕೂತಳು.

“ಕೊನೇ ಸರ್ವ್ ಎಡಗೈಲಿ ಹಾಕ್ತೀರ ಅಂದ್ಕೊಂಡೆ ಅಕ್ಕ. ಹಾಕಿದ್ರೆ ನಾನು ಸೋಲ್ತಿದ್ದೆ.”

“ಗೊತ್ತು.”

“ಮತ್ತೆ ಯಾಕೆ ಹಾಕ್ಲಿಲ್ಲ?”

“ಹಾಕಿದ್ರೆ ಎಡಗೈ ಒಲಿಂಪಿಕ್ಸಿಗೆ ಹೋಗ್ತಿದ್ಲು. ನಾನು ಎಲ್ಲಿ ಹೋಗ್ತಿದ್ದೆ?”

ಗೋಡೆ ಹೌದೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಕಾರ್ಯದರ್ಶಿ ಬಂದರು. ತಕರಾರು ಬಗೆಹರಿದ ಸಂತೋಷ ಅವರ ಮುಖದಲ್ಲಿತ್ತು.

“ನಾಳೆಯಿಂದ ಕತ್ತು ಸೊಟ್ಟದವಳಾಗಿ ಬನ್ನಿ. ಗೋಡೆಗೆ ಅಲ್ಲಿ ಮೊದಲ ಪಂದ್ಯ ಅವಳ ಜೊತೇನೇ ಬರೋ ಹಾಗಿದೆ.”

“ನಾಡಿದ್ದಿಂದ ಬರ್ತೀನಿ ಸಾರ್.”

“ನಾಳೆ ಏನು ಕೆಲಸ ನಿಮಗೆ?”

“ನಾಳೆ ನಾನು ಸೋತಿರ್ತೀನಿ,” ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ.

ಅದು ಯಾವ ಬಗೆಯ ರಜೆ ಎಂದು ಕಾರ್ಯದರ್ಶಿಗೆ ತಿಳಿಯಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಅವಳು ಕೇಳಿದ ಮೊದಲ ರಜೆ ಅದಾದ್ದರಿಂದ ಆಗಲಿ ಎಂದರು.